ದಾರಿ ಬದಲಿಸಿದ ಕುದುರೆ

ಐವತ್ಮೂರು ವರ್ಷದ ಹೆಂಗಸು ಹೊಸ ಕೆಲಸಕ್ಕೆ ಕೈ ಹಾಕುತ್ತೇನೆ ಎಂದರೆ ನಮ್ಮ ಕಡೆ ಜನ ಮೊದಲು ಅವಳಿಗೆ ಮೊಮ್ಮಕ್ಕಳು ಎಷ್ಟು ಎಂದು ಕೇಳುತ್ತಾರೆ. ಆ ವಯಸ್ಸಿಗೆ ಮೊಣಕಾಲ ನೋವು, ಬಿ.ಪಿ. ಗುಳಿಗೆ, ಸೊಸೆ ಮಾಡಿದ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ವಿಚಾರ, ಇಷ್ಟೇ ಉಳಿದಿರಬೇಕೆಂದು ಎಲ್ಲರ ಲೆಕ್ಕ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಹೆಂಗಸು ಈ ಲೆಕ್ಕಕ್ಕೆ ಸಿಗಲಿಲ್ಲ. ಅವರು ಹುಟ್ಟಿದ್ದು 1906ರಲ್ಲಿ. 1959ರಲ್ಲಿ, ಐವತ್ಮೂರರ ವಯಸ್ಸಿಗೆ, ದೆಹಲಿಯಲ್ಲಿ ಒಂದು ಸಂಸಾರ ಹೂಡಿದರು. 1980ರ ಹೊತ್ತಿಗೆ ಜಯಪುರದಲ್ಲಿ ಇನ್ನೊಂದು. 1991ರಲ್ಲಿ, ಎಂಬತ್ತೈದರ ಆಸುಪಾಸಿನಲ್ಲಿ, ನಮ್ಮ ಬೆಂಗಳೂರಿನಲ್ಲಿ ಮೂರನೆಯದು. ಆ ಸಂಸಾರಗಳ ಮಂದಿಯೆಂದರೆ ಯಾರಿಗೂ ಬೇಡವಾದ ನಾಯಿ, ಬೆಕ್ಕು, ಕತ್ತೆ, ಕುದುರೆ, ದನಗಳು.

ಅವರು ಭಾರತದಲ್ಲಿ ನಿಲ್ಲಬೇಕೆಂದು ಬಂದವರೇ ಅಲ್ಲ. ಹೋಗಬೇಕಾಗಿದ್ದದ್ದು ನ್ಯೂಜಿಲೆಂಡಿಗೆ. ನಡುವೆ ನಮ್ಮ ದೇಶದಲ್ಲಿ ಇಳಿದಾಗ ರಸ್ತೆಬದಿಯಲ್ಲಿ ಒಂದು ಕುದುರೆ ಬಿದ್ದಿದ್ದನ್ನು ಕಂಡರು. ಜೀವ ಇನ್ನೂ ಇತ್ತು. ಕಾಗೆಗಳು ಅದರ ಕಣ್ಣು ಕುಕ್ಕಿ ತಿಂದಿದ್ದವು. ಜನ ತಮ್ಮ ಪಾಡಿಗೆ ತಾವು ಹೋಗುತ್ತ ಬರುತ್ತ ಇದ್ದರು. ಅವರ ಪರಿಚಯ ಹೇಳುವವರೆಲ್ಲ ಈ ಕುದುರೆಯಿಂದಲೇ ಶುರುಮಾಡುತ್ತಾರೆ. ಅಂದಿನಿಂದ ನ್ಯೂಜಿಲೆಂಡಿನ ದಾರಿ ಮುಚ್ಚಿತು. ದೆಹಲಿಯಲ್ಲಿ 'ದಿ ಅನಿಮಲ್ಸ್ ಫ್ರೆಂಡ್' ಎಂಬ ಸಂಸ್ಥೆ ಹುಟ್ಟಿತು. ಉಳಿದ ಮೂವತ್ತೇಳು ವರ್ಷ ಅವರು ಈ ದೇಶದಲ್ಲೇ ಕಳೆದು, 1996ರಲ್ಲಿ, ತೊಂಬತ್ತರ ಅಂಚಿನಲ್ಲಿ ತೀರಿಕೊಂಡರು.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯವಳಾದ ನಾನು ಈ ಪರದೇಶಿ ಹೆಂಗಸನ್ನು ಯಾಕೆ ನೆನೆಯುತ್ತಿದ್ದೇನೆ ಎಂದು ನೀವು ಕೇಳಬಹುದು. ಪ್ರಾಣಿಗಳ ಮೇಲೆ ಅಂತಃಕರಣ ಇರುವವರನ್ನು ಹುಡುಕಿಕೊಂಡು ನಾವು ಸಮುದ್ರ ದಾಟಬೇಕಾಗಿಲ್ಲ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 18ನೇ ಶತಮಾನದಲ್ಲಿ ಹುಟ್ಟಿದ ಶರಣಬಸಪ್ಪನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಜೋಳದ ಹೊಲ ಕಾಯಲು ಹೋದ ಶರಣ ಹಕ್ಕಿ ಹೊಡೆಯಲಿಲ್ಲ. ತಿನ್ನಿರಿ ಎಂದು ಬಿಟ್ಟು, ಕುಡಿಯಲು ನೀರನ್ನೂ ಇಟ್ಟ. ಅವನ ರಾಶಿಗೆ ಕಡಿಮೆಯೇನೂ ಬೀಳಲಿಲ್ಲ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕಲಬುರಗಿಯ ಅವನ ಗುಡಿಗೆ ಇಂದಿಗೂ ಜನ ದಾಸೋಹಕ್ಕೆ ಹೋಗುತ್ತಾರೆ.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮಾ ಅಮರಜಾ ಕೂಡುತ್ತವೆ. ಅಲ್ಲಿ ಕೊಳ್ಳುವ ದತ್ತನ ಪಟದಲ್ಲಿ ಹಿಂದೆ ಒಂದು ಆಕಳು, ಕಾಲ ಬಳಿ ನಾಲ್ಕು ನಾಯಿ. ಅದೇ ಊರಿನ ನರಸಿಂಹ ಸರಸ್ವತಿಯವರ ಮಹಿಮೆ ಹೇಳುವ ಗುರುಚರಿತ್ರೆಯಲ್ಲಿ ಒಂದು ಗೊಡ್ಡೆಮ್ಮೆಯ ಪ್ರಸಂಗ ಬರುತ್ತದೆ. ಬಡ ಬ್ರಾಹ್ಮಣನ ಮನೆಯ ಮುಪ್ಪಿನ ಎಮ್ಮೆ. ಮೂಗುದಾರ ಹಾಕಿ ಮಣ್ಣು ಹೊರಲು ಬಾಡಿಗೆಗೆ ಕಳಿಸುತ್ತಿದ್ದರು. ಭಿಕ್ಷಕ್ಕೆ ಬಂದ ಗುರು ಅದನ್ನೇ ಹಿಂಡು ಎಂದರು. ಮನೆಯ ಹೆಂಗಸು ಎರಡು ಮಾತಾಡದೆ ಪಾತ್ರೆ ಹಿಡಿದು ಕುಳಿತಳು, ಹಾಲು ಬಂತು. ಭಕ್ತರು ಇಲ್ಲಿ ಗುರುವಿನ ಪವಾಡ ಕಾಣುತ್ತಾರೆ. ನನಗೆ ಆ ಹೆಂಗಸೂ ಕಾಣುತ್ತಾಳೆ. ಯಾರೂ ಲೆಕ್ಕಕ್ಕಿಡದ ಎಮ್ಮೆಯ ಮಗ್ಗುಲಿಗೆ ಕೂತು ಕೆಚ್ಚಲಿಗೆ ಕೈ ಹಾಕಿದವಳು ಅವಳು. ಅವಳ ಹೆಸರು ನಮ್ಮ ಬಾಯಲ್ಲಿ ಉಳಿದಿಲ್ಲ.

ಹಬ್ಬಗಳಿಗೂ ಕಡಿಮೆಯಿಲ್ಲ. ಕಾರಹುಣ್ಣಿವೆಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕರಿ ಹರಿಯುವುದು. ಮಣ್ಣೆತ್ತಿನ ಅಮಾಸಿಗೆ ಜಗುಲಿಯ ಮೇಲೆ ಮಣ್ಣಿನ ಎತ್ತು ಇಟ್ಟು ಪೂಜೆ. ಎಳ್ಳ ಅಮಾಸಿಗೆ ಸಜ್ಜೆ ಕಡುಬು, ಭಜ್ಜಿ, ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿದರೆ, ಅದರಲ್ಲಿ ಹಕ್ಕಿಪಕ್ಷಿಗೂ ಒಂದು ತುತ್ತು.

ಇಷ್ಟೆಲ್ಲ ಇರುವ ಸೀಮೆಯಲ್ಲಿ ರಸ್ತೆಬದಿ ಬಿದ್ದ ಕುದುರೆಯ ಪಕ್ಕ ಯಾರು ನಿಲ್ಲುತ್ತಾರೆ? ಈ ಪ್ರಶ್ನೆ ನನ್ನನ್ನು ಕಾಡುವುದು ನನ್ನ ಆಯಿಯಿಂದಾಗಿ.

ಆಯಿ ಆಳಂದ ಕಡೆಯ ಹಳ್ಳಿಯವಳು. ಓಣಿಯ ನಾಯಿಗೆ ಗಾಯವಾಗಿ ಹುಳ ಬಿದ್ದರೆ, ಸೀತಾಫಲದ ಎಲೆ ಅರೆದು ಹಚ್ಚುವವಳು ಅವಳೇ. ಮೊದಲ ರೊಟ್ಟಿ ಆಕಳಿಗೆ, ಕೊನೆಯ ರೊಟ್ಟಿ ನಾಯಿಗೆ. ದನ ಈಯುವ ರಾತ್ರಿ ಲಾಟೀನು ಹಿಡಿದು ಕೊಟ್ಟಿಗೆಯಲ್ಲೇ ಬೆಳಗು ಮಾಡುತ್ತಿದ್ದಳು. 1972ರ ಬರದಲ್ಲಿ ಕಣಕಿ ತೀರಿತು. ಮನೆಯ ಮುದಿ ಎತ್ತನ್ನು ಸಂತೆಗೆ ಹೊಡೆದರು. ಅಜ್ಜನೇನು ಕಟುಕನಲ್ಲ, ಮೂರು ದಿನ ಉಣ್ಣದೆ ಕೂತಿದ್ದನಂತೆ. ಮಕ್ಕಳ ಹೊಟ್ಟೆಗೇ ಇಲ್ಲದ ಹೊತ್ತಿನಲ್ಲಿ ಎತ್ತಿನ ಹೊಟ್ಟೆಗೆ ಎಲ್ಲಿಂದ ತರಬೇಕು? ಆಯಿ ಎತ್ತಿನ ಹಣೆಗೆ ಅರಿಷಿಣ ಕುಂಕುಮ ಹಚ್ಚಿ ಕಳಿಸಿದಳು. ಎಷ್ಟೋ ವರ್ಷದ ಮೇಲೆ ಈ ಮಾತು ತೆಗೆದಾಗ ಅವಳು ಹೇಳಿದ್ದು ಇಷ್ಟು: "ಮೇವು ಹಾಕಾಕಿ ನಾ, ಮಾರಾಂವ ಅವ. ನನ್ನ ಯಾರ್ ಕೇಳ್ತಾರವ್ವಾ? ಆ ಬಾಯಿಲ್ಲದ ಜೀವಕ್ಕ ನಾ ಏನ್ ಜವಾಬ್ ಕೊಡ್ಲಿ?"

ನಮ್ಮ ಮನೆಗಳ ಪ್ರಾಣಿಪ್ರೀತಿಯ ಪೂರ್ತಿ ಚರಿತ್ರೆ ಈ ಮಾತಿನಲ್ಲಿದೆ ಎನ್ನಿಸುತ್ತದೆ. ಮೇವು, ನೀರು, ಸಗಣಿ, ಬಾಣಂತನ ಎಲ್ಲ ಹೆಂಗಸರ ಕೈಯಲ್ಲಿ. ಕೊಳ್ಳುವುದು, ಮಾರುವುದು, ಹೂಡುವುದು, ಬಿಡುವುದು ಇನ್ನೊಬ್ಬರ ಕೈಯಲ್ಲಿ. ಪ್ರೀತಿ ಇತ್ತು, ಮಾತು ನಡೆಯುತ್ತಿರಲಿಲ್ಲ. ಹಾಗಾಗಿ ಆ ಪ್ರೀತಿ ಹೊಸಲಿನ ಒಳಗೇ ಉಳಿಯಿತು. ಹೊಸಲಿನ ಆಚೆ, ಯಾರ ಮನೆಯದೂ ಅಲ್ಲದ ಪ್ರಾಣಿಗೆ ಅದು ತಲುಪಬೇಕಾದರೆ ಜಾಗ ಬೇಕು, ದುಡ್ಡು ಬೇಕು, ಡಾಕ್ಟರು ಬೇಕು, ಕಾನೂನು ಬೇಕು. ಕ್ರಿಸ್ಟಲ್ ರೋಜರ್ಸ್ ಮಾಡಿದ್ದು ಈ ಹೊಸಲು ದಾಟುವ ಕೆಲಸ. ಅಂತಃಕರಣ ಅವರಿಗೆ ಆಯಿಗಿಂತ ಹೆಚ್ಚಿತ್ತು ಎಂದು ನಾನು ಹೇಳಲಾರೆ. ಅವರು ತಮ್ಮ ಅಂತಃಕರಣಕ್ಕೆ ಒಂದು ವಿಳಾಸ ಮಾಡಿಕೊಟ್ಟರು.

ದೆಹಲಿಯಲ್ಲಿ ಇಪ್ಪತ್ತು ವರ್ಷ ದುಡಿದ ಮೇಲೆ ಅವರು ಜಯಪುರಕ್ಕೆ ಹೋದರು. ಅಲ್ಲಿ 1980ರಲ್ಲಿ 'ಹೆಲ್ಪ್ ಇನ್ ಸಫರಿಂಗ್' ಎಂಬ ಟ್ರಸ್ಟು ನೋಂದಣಿಯಾಯಿತು. ಅವರು ಅಲ್ಲಿಂದ ಹೊರಟ ಮೇಲೆ ಆಸ್ಟ್ರೇಲಿಯಾದ ಕ್ರಿಸ್ಟೀನ್ ಟೌನೆಂಡ್ ಅದರ ಹೊಣೆ ಹೊತ್ತು ಬಹಳ ವರ್ಷ ನಡೆಸಿದರು. ಬೀದಿ ನಾಯಿಗಳ ಸಂತಾನ ನಿಯಂತ್ರಣ ಮತ್ತು ರೇಬೀಸ್ ಲಸಿಕೆಯ ಕೆಲಸಕ್ಕೆ ಆ ಸಂಸ್ಥೆ ದೇಶಕ್ಕೆಲ್ಲ ಹೆಸರಾಯಿತು. ತಾನು ಕಟ್ಟಿದ್ದನ್ನು ಇನ್ನೊಬ್ಬರ ಕೈಗಿಟ್ಟು ಬರಿಗೈಯಲ್ಲಿ ಮುಂದಿನ ಊರಿಗೆ ನಡೆಯುವುದು ಸಣ್ಣ ಮಾತಲ್ಲ. ಅಡುಗೆಮನೆಯ ಡಬ್ಬಿಯ ಬೀಗದ ಕೈಯನ್ನು ಸೊಸೆಗೆ ಕೊಡಲು ನಮಗೆಷ್ಟು ವರ್ಷ ಬೇಕಾಗುತ್ತದೆ ನೋಡಿ.

ಅವರು ದೆಹಲಿಗೆ ಬಂದ ಕಾಲಕ್ಕೇ ನಮ್ಮ ದೇಶದ ಇನ್ನೊಬ್ಬ ಹೆಂಗಸು ಇದೇ ಹೊಸಲನ್ನು ಬೇರೆ ಬಾಗಿಲಿನಿಂದ ದಾಟುತ್ತಿದ್ದರು. ಭರತನಾಟ್ಯದ ರುಕ್ಮಿಣೀದೇವಿ ಅರುಂಡೇಲ್. 1936ರಲ್ಲಿ ಮದರಾಸಿನಲ್ಲಿ ಕಲಾಕ್ಷೇತ್ರ ಕಟ್ಟಿದವರೆಂದು ನಮಗೆ ಗೊತ್ತು. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡಾಗ ಅವರು ಅಲ್ಲಿ ಎತ್ತಿದ್ದು ಪ್ರಾಣಿಗಳ ಮಾತು. ಕ್ರೌರ್ಯ ತಡೆಯಲು ಖಾಸಗಿ ಮಸೂದೆ ತಂದರು. ಸರ್ಕಾರವೇ ಒಂದು ಕಾನೂನು ತರುತ್ತದೆ ಎಂದು ಪ್ರಧಾನಿ ನೆಹರೂ ಭರವಸೆ ಕೊಟ್ಟ ಮೇಲೆ ಹಿಂದೆ ತೆಗೆದುಕೊಂಡರು. ಹಾಗೆ ಬಂದದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ. ಅದರಂತೆ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾದಾಗ ಮೊದಲ ಅಧ್ಯಕ್ಷೆ ರುಕ್ಮಿಣೀದೇವಿಯವರೇ. 1977ರಲ್ಲಿ ರಾಷ್ಟ್ರಪತಿ ಹುದ್ದೆಗೆ ನಿಲ್ಲಿ ಎಂದು ಮೊರಾರ್ಜಿ ದೇಸಾಯಿಯವರು ಕೇಳಿದಾಗ ಒಲ್ಲೆ ಎಂದರು. 1986ರಲ್ಲಿ ತೀರಿಕೊಂಡರು.

ಈ ಕಾಯಿದೆಯ ಕೆಳಗೆ 1965ರಲ್ಲಿ ಹೂಡುವ ಮತ್ತು ಹೊರೆ ಹೊರುವ ಪ್ರಾಣಿಗಳ ನಿಯಮಗಳು ಬಂದವು. ಅದರಲ್ಲಿರುವುದನ್ನು ನಮ್ಮ ಸೀಮೆಯವರು ಒಮ್ಮೆ ಕೇಳಬೇಕು. ಯಾವ ಪ್ರಾಣಿಯನ್ನೂ ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು ದುಡಿಸಬಾರದು. ನಡುವೆ ವಿಶ್ರಾಂತಿ ಕೊಡದೆ ಸತತ 5 ತಾಸಿಗಿಂತ ಹೆಚ್ಚು ಹೂಡಬಾರದು. ಬಿಸಿಲು 37 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟಲೇಬಾರದು. ಗಾಡಿಗೆ ಇಷ್ಟೇ ಭಾರ ಎಂಬ ಮಿತಿಯೂ ಉಂಟು. ಕಲಬುರಗಿ ಜಿಲ್ಲೆಯ ಬೇಸಿಗೆ 40 ದಾಟುವುದು ನಮಗೆ ಹೊಸದೇನಲ್ಲ. ಅಂದರೆ ಈ ನಿಯಮ ನಮ್ಮ ಎತ್ತಿಗಾಗಿಯೇ ಬರೆದಂತಿದೆ. ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಗಾಡಿ ಕಡಿಮೆಯಾಗಿರಬಹುದು. ಉಳಿದ ಗಾಡಿಯ ಎತ್ತಿಗೂ ಕತ್ತೆಗೂ ಬಿಸಿಲು ಕಡಿಮೆಯಾಗಿಲ್ಲ.

ಕಾನೂನು ಇದ್ದರೂ ಹಲ್ಲು ಗಟ್ಟಿಯಿಲ್ಲ ಎಂಬುದೂ ನಿಜ. 1960ರ ಕಾಯಿದೆಯಲ್ಲಿ ಪ್ರಾಣಿಯನ್ನು ಹೊಡೆದು ಬಡಿದು ಹಿಂಸಿಸಿದರೆ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಅಂದು ಅದು ದೊಡ್ಡ ಮೊತ್ತವೇ. ಇಂದು ಒಂದು ಹೊತ್ತಿನ ನಾಷ್ಟಾ. ಆ ಅಂಕಿ ಮಾತ್ರ ಬದಲಾಗದೆ ಕೂತಿದೆ.

ಇನ್ನು ಕುದುರೆಯ ಹತ್ತಿರ ಹೋಗೋಣ. ಕಣ್ಣು ಹೋದ, ಏಳಲಾರದ, ಸಾಯಲೂ ಆಗದ ಪ್ರಾಣಿಗೆ ಏನು ಮಾಡಬೇಕು? ಕೊಂದರೆ ಪಾಪ ಎಂದು ನಾವು ದೂರ ನಿಲ್ಲುತ್ತೇವೆ. ಹಾಗೆಯೇ ಬಿಟ್ಟು ಹೋದರೆ ಪಾಪವಲ್ಲವೆ ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಗಾಂಧೀಜಿಗೆ ಈ ಪ್ರಶ್ನೆ 1928ರಲ್ಲಿ ಸಾಬರಮತಿ ಆಶ್ರಮದಲ್ಲೇ ಎದುರಾಯಿತು. ಒಂದು ಕರು ನೆಲ ಹಿಡಿದು ನರಳುತ್ತಿತ್ತು. ಉಪಚಾರ ಫಲಿಸಲಿಲ್ಲ. ಆಶ್ರಮದವರೊಂದಿಗೆ ವಿಚಾರ ಮಾಡಿ, ಡಾಕ್ಟರನ್ನು ಕರೆಸಿ, ಸೂಜಿಮದ್ದು ಕೊಡಿಸಿ ಅದರ ನೋವು ಮುಗಿಸಿದರು. ದೇಶದಲ್ಲೆಲ್ಲ ಗದ್ದಲವಾಯಿತು, ಬೈಗುಳದ ಕಾಗದಗಳು ಬಂದು ಬಿದ್ದವು. ಗಾಂಧೀಜಿ ಹಿಂದೆ ಸರಿಯಲಿಲ್ಲ. 1960ರ ಕಾಯಿದೆಯೂ ಗುಣವಾಗುವ ಆಸೆಯೇ ಇಲ್ಲದ, ಇಟ್ಟುಕೊಂಡರೆ ಹಿಂಸೆಯೇ ಆಗುವ ಪ್ರಾಣಿಗೆ ಈ ದಾರಿ ಕೊಟ್ಟಿದೆ, ಕಟ್ಟುಪಾಡುಗಳೊಂದಿಗೆ. ನಾನು ಇದನ್ನು ಸುಲಭದ ಮಾತೆಂದು ಬರೆಯುತ್ತಿಲ್ಲ. ಆದರೆ ನಿರ್ಧಾರ ಮಾಡುವ ಧೈರ್ಯವೂ ಅಂತಃಕರಣದ ಒಂದು ಭಾಗ. ಕಣ್ಣೀರು ಹಾಕಿ ದಾಟಿ ಹೋಗುವುದು ಸಾಲದು.

1991ಕ್ಕೆ ಬರೋಣ. ಎಂಬತ್ತೈದರ ಹತ್ತಿರದ ಕ್ರಿಸ್ಟಲ್ ರೋಜರ್ಸ್ ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆಗೆ ಇಟ್ಟ ಹೆಸರು 'ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆಕ್ಷನ್'. ಮಿತಿಯಿಲ್ಲದ ಕರುಣೆ, ಅದರ ಜೊತೆಗೆ ಕೆಲಸ ಎಂದು ಅರ್ಥ. ಜನ ಮೊದಲಕ್ಷರ ಕೂಡಿಸಿ 'ಕ್ಯೂಪಾ' ಎನ್ನುತ್ತಾರೆ. ಬರೀ ಕರುಣೆ ಎಂದು ಹೆಸರಿಟ್ಟಿದ್ದರೂ ನಡೆಯುತ್ತಿತ್ತು. ಕೆಲಸ ಎಂಬ ಮಾತನ್ನು ಹೆಸರಿನಲ್ಲೇ ಕಟ್ಟಿಹಾಕಿದರು. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆವರಣದಲ್ಲಿ ಅದರ ಆಶ್ರಯ ತಾಣ ನಡೆಯಿತು. ಅವರ ಸುತ್ತ ಬೆಂಗಳೂರಿನ ಹೆಣ್ಣುಮಕ್ಕಳು ಕೂಡಿದರು. ಅವರಲ್ಲಿ ಒಬ್ಬರಾದ ಸುಪರ್ಣಾ ಗಂಗೂಲಿಯವರು ಸಾಕಾನೆಗಳ ಪರವಾಗಿಯೂ ದುಡಿದು, 2016ರ ಮಹಿಳಾ ದಿನದಂದು ರಾಷ್ಟ್ರಪತಿಗಳಿಂದ ನಾರೀಶಕ್ತಿ ಪುರಸ್ಕಾರ ಪಡೆದರು. ಮುದುಕಿ ಹಚ್ಚಿದ ದೀಪ ಮುದುಕಿಯೊಂದಿಗೆ ಆರಲಿಲ್ಲ.

ಆ ದಿನಗಳಲ್ಲಿ ಬೀದಿ ನಾಯಿ ಹೆಚ್ಚಾದರೆ ಹಿಡಿದು ಕೊಲ್ಲುವುದು ನಮ್ಮ ಊರುಗಳ ಆಡಳಿತಕ್ಕೆ ಗೊತ್ತಿದ್ದ ಉಪಾಯ. ಕೊಂದಷ್ಟೂ ನಾಯಿ ಮುಗಿಯುತ್ತಿರಲಿಲ್ಲ. ಕಸದ ತೊಟ್ಟಿ ತುಂಬಿರುವ ತನಕ ಖಾಲಿಯಾದ ಓಣಿಗೆ ಪಕ್ಕದ ಓಣಿಯ ನಾಯಿ ಬಂದು ಮರಿ ಹಾಕುತ್ತದೆ. 2001ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿ, ನಾಯಿ ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕೆಂದಿತು. 2023ರಲ್ಲಿ ಅದರ ಬದಲಿಗೆ ಹೊಸ ನಿಯಮಗಳು ಬಂದು ಈ ಹೊಣೆಯನ್ನು ಊರಿನ ಆಡಳಿತದ ಹೆಗಲಿಗೆ ಹಾಕಿದವು.

ನಾಯಿ ಕಚ್ಚಿದ ಕೂಸಿನ ತಾಯಿಯ ಮುಂದೆ ನಿಂತು ಈ ನಿಯಮ ಓದಿದರೆ ಅವಳಿಗೆ ಸಿಟ್ಟು ಬರುವುದು ಸಹಜ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಅಪರೂಪ. ಮನುಷ್ಯರಿಗೆ ಅದು ಬರುವುದು ಬಹುಪಾಲು ನಾಯಿಯಿಂದಲೇ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ಬೀದಿ ನಾಯಿಗಳನ್ನೆಲ್ಲ ಹಿಡಿದು ಆಶ್ರಯ ತಾಣಗಳಲ್ಲಿಡಲು ಹೇಳಿತು. ಅದೇ ತಿಂಗಳ 22ರಂದು ಅದನ್ನು ಬದಲಿಸಿ, ಚಿಕಿತ್ಸೆ ಲಸಿಕೆ ಆದ ನಾಯಿಗಳನ್ನು ಮರಳಿ ಬಿಡಬಹುದು, ರೇಬೀಸ್ ಇರುವ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಕೂಡದು ಎಂದಿತು. ನಾಯಿಯ ಕಡೆಯವರು, ಕೂಸಿನ ಕಡೆಯವರು ಎಂದು ಊರು ಎರಡಾಯಿತು. ಪ್ರತಿ ಓಣಿಯ ನಾಯಿಗೂ ಕಾಲಕಾಲಕ್ಕೆ ಲಸಿಕೆ ಬಿದ್ದಿದ್ದರೆ ಕೂಸಿಗೂ ಭಯ ಕಡಿಮೆ, ನಾಯಿಗೂ ಕಲ್ಲೇಟು ಕಡಿಮೆ. ಕರುಣೆಯ ಪಕ್ಕದಲ್ಲಿ ಕೆಲಸ ಎಂದು ಬರೆದಾಕೆಯ ಮನಸ್ಸಿನಲ್ಲಿದ್ದದ್ದು ಇಂಥದ್ದೇ ಇರಬೇಕು.

ನಮ್ಮ ಕಡೆ ಇನ್ನೂ ಕೆಲವು ಮನೆಗಳಲ್ಲಿ ನಾಯಿ ಕಚ್ಚಿದ ಗಾಯಕ್ಕೆ ಖಾರಪುಡಿ, ಸುಣ್ಣ ಮೆತ್ತುತ್ತಾರೆ. ತಂಗಿಯರೇ, ಮೆತ್ತಬೇಡಿ. ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ಗಾಯ ತೊಳೆದು, ಅದೇ ದಿನ ದವಾಖಾನೆಗೆ ಹೋಗಿ ಲಸಿಕೆ ಶುರುಮಾಡಿಸಿ, ಹೇಳಿದ ದಿನಗಳಂದು ತಪ್ಪದೆ ಪೂರ್ತಿ ಮಾಡಿಸಿ.

ಕ್ರಿಸ್ಟಲ್ ರೋಜರ್ಸ್ ತಮ್ಮ ಕಥೆಯನ್ನು ತಾವೇ ಬರೆದಿಟ್ಟಿದ್ದರು. ಅವರು ತೀರಿದ ಮೇಲೆ ಅದು 'ಮ್ಯಾಡ್ ಡಾಗ್ಸ್ ಅಂಡ್ ಆ್ಯನ್ ಇಂಗ್ಲಿಷ್‌ವುಮನ್' ಎಂಬ ಹೆಸರಲ್ಲಿ ಪುಸ್ತಕವಾಯಿತು. ಹೆಸರಿನಲ್ಲೇ ಕೀಟಲೆಯಿದೆ. ಗರಮ್ ದೇಶಗಳ ಮಟಮಟ ಮಧ್ಯಾಹ್ನದಲ್ಲಿ ಹೊರಗೆ ಅಲೆಯುವ ಆಂಗ್ಲರನ್ನು ಗೇಲಿ ಮಾಡಿ ನೋಯೆಲ್ ಕವರ್ಡ್ 1931ರ ಸುಮಾರಿಗೆ ಕಟ್ಟಿದ ಒಂದು ಹಾಡಿನ ಹೆಸರನ್ನು ತಿರುಗಿಸಿ ತಮಗೆ ತಾವೇ ಇಟ್ಟುಕೊಂಡದ್ದು. ಜನ ಹುಚ್ಚಿ ಎನ್ನುವ ಮೊದಲೇ ತಾನೇ ಅಂದುಕೊಂಡು ನಕ್ಕ ಹೆಂಗಸಿಗೆ ಯಾರು ಏನು ಅನ್ನಬಲ್ಲರು? ಓಣಿಯ ನಾಯಿಗೆ ಅನ್ನ ಹಾಕುವ, ಬೆಕ್ಕಿನ ಮರಿ ಸೆರಗಲ್ಲಿ ಕಟ್ಟಿಕೊಂಡು ಬರುವ ಹೆಂಗಸರನ್ನು ನಾವೂ ಅರೆಹುಚ್ಚಿ ಎಂದೇ ಕರೆಯುತ್ತೇವೆ. ಅಂಥವಳೊಬ್ಬಳು ನಿಮ್ಮ ಓಣಿಯಲ್ಲೂ ಇರುತ್ತಾಳೆ. ನಗುವುದನ್ನು ಬಿಟ್ಟು ಅವಳಿಗೆ ಜೊತೆಯಾದರೆ ಇಬ್ಬರಾಗುತ್ತೀರಿ. ಇಬ್ಬರು ಹೋಗಿ ಪುರಸಭೆಯಲ್ಲಿ ಅರ್ಜಿ ಕೊಟ್ಟರೆ ಬೇಗ ಅಲ್ಲಗಳೆಯಲಾರರು.

ಆಯಿಯ ಕಾಲಕ್ಕೆ ಗಾಯದ ದನಕ್ಕೆ ಸೀತಾಫಲದ ಎಲೆಯೇ ಗತಿ. ಈಗ 1962 ಎಂಬ ನಂಬರಿಗೆ ಫೋನು ಮಾಡಿದರೆ ಸರ್ಕಾರದ ಸಂಚಾರಿ ಪಶುಚಿಕಿತ್ಸೆಯ ಗಾಡಿಗೆ ಕರೆ ಹೋಗುತ್ತದೆ. ರುಕ್ಮಿಣೀದೇವಿ ಮಂಡಳಿಯ ಅಧ್ಯಕ್ಷೆಯಾದ ವರ್ಷವೂ 1962, ನೆನಪಿಡಲು ಸುಲಭ. ನಮ್ಮ ಕೈಯಲ್ಲಿ ಈಗ ಫೋನಿದೆ, ಸಂಬಳವಿದೆ, ಸಂಘವಿದೆ. ಮೇವು ಹಾಕಾಕಿ ನಾ, ಮಾರಾಂವ ಅವ ಎಂದು ಹೇಳಿ ಕೈ ತೊಳೆದುಕೊಳ್ಳುವ ಸವಲತ್ತು ಮಾತ್ರ ನಮಗೆ ಉಳಿದಿಲ್ಲ. ಬರುವ ಕಾರಹುಣ್ಣಿವೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವಾಗ, ಅದರ ಹೆಗಲ ಗಾಯವನ್ನೂ ಒಮ್ಮೆ ನೋಡಿ.